ಮಂಚದ ಕೆಳಗಿನ ಗವರ್ನರ್

ದುಬಾರಿ ಕೊಟ್ಟು ತಂದ ಸ್ವೆಟರ್ ಬೆಳಗಿನಿಂದ ಕತ್ತು ಚುಚ್ಚುತ್ತಿದೆ. ಒಳಗಿನ ಚೀಟಿಯಲ್ಲಿ ಮಾತ್ರ 'ಆಸ್ಟ್ರೇಲಿಯನ್ ಮೆರಿನೊ' ಎಂಬ ಜಂಬ. ಚುಚ್ಚದೆ ಏನು ಮಾಡೀತು? ಆ ಉಣ್ಣೆಯ ವ್ಯಾಪಾರಕ್ಕೆ ದಾರಿ ಹಾಕಿದ ಜಾನ್ ಮ್ಯಾಕಾರ್ಥರ್ ಜೀವಮಾನವಿಡೀ ಮಾಡಿದ್ದೂ ಅದೇ ಕೆಲಸ.

1790ರಲ್ಲಿ, ಬ್ರಿಟಿಷರು ಕೈದಿಗಳನ್ನು ಸಾಗಿಸುತ್ತಿದ್ದ ವಸಾಹತು ಸಿಡ್ನಿಗೆ ಬಂದಿಳಿದ ಸೈನ್ಯಾಧಿಕಾರಿ. ಜಮೀನು ಸಿಕ್ಕಿತು, ದುಡಿಯಲು ಕೈದಿಗಳು ಸಿಕ್ಕರು, ಕಲ್ಕತ್ತೆಯ ಹಡಗಿನಲ್ಲಿ ಬಂದ ಬಂಗಾಳದ ಕುರಿಗಳೂ ಸಿಕ್ಕವು. 1801ರಲ್ಲಿ ತನ್ನ ಕರ್ನಲ್ಲನಿಗೇ ದ್ವಂದ್ವಯುದ್ಧದಲ್ಲಿ ಗುಂಡು ಹೊಡೆದ. ವಿಚಾರಣೆಗೆಂದು ಇಂಗ್ಲೆಂಡಿಗೆ ಅಟ್ಟಿದರೆ ಆಸಾಮಿ ರಾಜನ ಮಂದೆಯ ನಯವಾದ ಉಣ್ಣೆಯ ಮೆರಿನೊ ಕುರಿಗಳನ್ನೂ 5,000 ಎಕರೆಯ ಮಂಜೂರಾತಿಯನ್ನೂ ಹಿಡಿದು ವಾಪಸಾದ! ನಮಗಿಲ್ಲಿ ಒಂದು ಖಾತೆ ಬದಲಾಯಿಸಲು ಚಪ್ಪಲಿ ಸವೆಯುತ್ತದೆ. ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಧರಾವಲ್ ಜನರದ್ದು, ಅವರನ್ನು ಕೇಳಿದವರಿಲ್ಲ.

ವಸಾಹತಿನ ಗವರ್ನರ್ ಬ್ಲೈ ಜೊತೆಗಿನ ಜಗಳವಂತೂ ಕೇಳಲೇಬೇಕು. ಹಿಂದೆ 'ಬೌಂಟಿ' ಹಡಗಿನ ಕಪ್ತಾನನಾಗಿ ನಾವಿಕರ ದಂಗೆಗೆ ಸಿಕ್ಕವನೇ ಈ ಬ್ಲೈ. ಮ್ಯಾಕಾರ್ಥರನನ್ನು ಜೈಲಿಗೆ ಹಾಕಿಸಿದ. 1808ರ ಜನವರಿ 26ರ ಸಂಜೆ ಅಲ್ಲಿನ ಸೈನ್ಯದ ಮೇಜರ್ ಜಾನ್‌ಸ್ಟನ್ ಅವನನ್ನು ಬಿಡಿಸಿ, ಪಡೆ ಕಟ್ಟಿಕೊಂಡು, ವಾದ್ಯ ಬಾರಿಸುತ್ತ ಗವರ್ನರನ ಬಂಗಲೆಗೆ ನುಗ್ಗಿದ. ಗೇಟಿನಲ್ಲಿ ಅಡ್ಡ ನಿಂತವಳು ಬ್ಲೈ ಮಗಳು ಮೇರಿ. ಅದೇ ತಿಂಗಳು ಗಂಡನನ್ನು ಕಳೆದುಕೊಂಡಿದ್ದಳು. ಕೈಯಲ್ಲಿದ್ದ ಆಯುಧ ಬಿಸಿಲಿನ ಕೊಡೆ. ಅಷ್ಟು ಸಿಪಾಯಿಗಳಿಗೆ ಕೊಡೆ ಬೀಸಿದ ಹೆಂಗಸಿನ ಚಿತ್ರವನ್ನು ಯಾರಾದರೂ ಬರೆಯಬೇಕಿತ್ತು. ಬರೆದದ್ದು ಬ್ಲೈನನ್ನು ಮಂಚದ ಕೆಳಗಿಂದ ಎಳೆಯುವ ಚಿತ್ರ. 'ಅಡಗಿರಲಿಲ್ಲ, ಕಾಗದಪತ್ರ ಬಚ್ಚಿಡುತ್ತಿದ್ದೆ' ಎಂದು ಆತ ವಾದಿಸಿದ. ಇದ್ದೀತು. ಆದರೆ ಅವನ ಸಮವಸ್ತ್ರ ಆ ಚಿತ್ರದಲ್ಲಿ ಎಷ್ಟು ಲಕಲಕ ಎನ್ನುತ್ತದೆಂದರೆ, ಆ ಮಂಚದಡಿ ಒಂದು ಚೂರು ಧೂಳೂ ಇರಲಿಲ್ಲವೇ ಎಂದು ನನಗೆ ಅನುಮಾನ.

ಎಲ್ಲಿದ್ದೆ? ಹಾಂ, ಕುರಿ. ಈ ರಗಳೆಯಿಂದ ಮ್ಯಾಕಾರ್ಥರ್ 1809ರಿಂದ 1817ರವರೆಗೆ ಇಂಗ್ಲೆಂಡಿನಲ್ಲೇ ಕೊಳೆತ. ಬಂದರೆ ಬಂಧನದ ಭಯ. ಅಷ್ಟೂ ವರ್ಷ ಮಂದೆ, ಆಳು, ಲೆಕ್ಕ ಎಲ್ಲವನ್ನೂ ನೋಡಿಕೊಂಡವಳು ಹೆಂಡತಿ ಎಲಿಜಬೆತ್. ಈತ ಅಲ್ಲಿಂದ ಪತ್ರದಲ್ಲಿ ಉಪದೇಶ ಕಳಿಸುತ್ತಿದ್ದ. ಇಂಥ ಗಂಡಸರನ್ನು ನಾನೂ ಬಲ್ಲೆ, ಹೆಸರು ಬೇಡ.

ಮರಳಿದ ಮೇಲೆ 1825ರಲ್ಲಿ ಶಾಸನ ಪರಿಷತ್ತಿನ ಕುರ್ಚಿಯೂ ದಕ್ಕಿತು. 1832ರಲ್ಲಿ ಬುದ್ಧಿ ಕೆಟ್ಟಿದೆಯೆಂದು ಅಲ್ಲಿಂದ ಇಳಿಸಿದರು. ಆ ಭ್ರಮೆಯಲ್ಲಿ ಸಂಶಯಪಟ್ಟದ್ದು ಯಾರ ಮೇಲೆ? ಎಲಿಜಬೆತ್ ಮೇಲೆ! 1966ರಲ್ಲಿ ಆಸ್ಟ್ರೇಲಿಯ ಎರಡು ಡಾಲರ್ ನೋಟು ಅಚ್ಚು ಹಾಕಿದಾಗ ಅವನ ಮುಖವಿತ್ತು, ಜೊತೆಗೊಂದು ಮೆರಿನೊ ಟಗರೂ ಇತ್ತು. ಅವಳಿಗೆ ಜಾಗ ಸಾಲಲಿಲ್ಲವಂತೆ.