ಡಯಾಕ್ಸಿನ್ ಸಾಹೇಬರ ಅಪಾಯಿಂಟ್‌ಮೆಂಟ್

ಶಾಲೆಯ ಪಕ್ಕ ಕಸ ಸುಟ್ಟು ಕರೆಂಟು ತೆಗೆಯುವ ಘಟಕ ಬರಲಿದೆಯಲ್ಲ, ಅದರ ಕರಪತ್ರ ಬಲು ಚೆನ್ನಾಗಿದೆ. ಹಸಿರು ಕಟ್ಟಡ, ಸುತ್ತ ಹುಲ್ಲು, ಎರಡು ಚಿಟ್ಟೆ. ಚಿಮಣಿ ಇದೆ, ಹೊಗೆ ಇಲ್ಲ. ಹುಡುಕಿದರೂ ಒಂದು ಲಾರಿ ಇಲ್ಲ. ಕಸ ಬಹುಶಃ ನಡೆದುಕೊಂಡೇ ಬರುತ್ತದೆ.

ಅಹವಾಲು ಸಭೆಯಲ್ಲಿ ಜನ ಸುಮ್ನೆ ಗಲಾಟೆ ಮಾಡಿದರಂತೆ. ವಿಜ್ಞಾನ ಗೊತ್ತಿಲ್ಲ ನೋಡಿ, ಪಾಪ. ಹೊಗೆ ಮನೆಗಳ ಕಡೆ ಬರುವುದೇ ಇಲ್ಲ, ಗಾಳಿ ಹೆಚ್ಚಾಗಿ ಆ ಕಡೆ ಬೀಸುತ್ತದೆ ಅಂತ ವರದಿಯಲ್ಲೇ ಬರೆದಿದೆ. ಆ ಕಡೆ ಯಾರೂ ಇಲ್ಲವೇ? ಇದ್ದಾರೆ. ಅವರನ್ನು ಸಭೆಗೆ ಕರೆದಿಲ್ಲ, ಅಷ್ಟೇ.

ಒಲೆಯ ಶಾಖ 850 ಡಿಗ್ರಿ, ಹೊಗೆ ಅದರಲ್ಲಿ ಎರಡು ಸೆಕೆಂಡು ಇದ್ದರೆ ವಿಷವೆಲ್ಲ ಭಸ್ಮ ಅನ್ನುತ್ತಾರೆ. ನಾವು ಕೊಡುವುದೋ, ನೀರು ಸೋರುವ ಹಸಿ ಕಸ. ಅದು ಉರಿಯದಿದ್ದರೆ ಡೀಸೆಲ್ಲೋ ಗ್ಯಾಸೋ ಹಾಕಿ ಉರಿಸಬೇಕು. ಹೀಗೆ ಇಂಧನ ಸುಟ್ಟು ನೀರು ಆರಿಸಿ ಕರೆಂಟು ತೆಗೆಯುವ ಬುದ್ಧಿಗೆ ಕೈ ಮುಗಿಯಬೇಕು. ಸುಟ್ಟ ಮೇಲಾದರೂ ಕಸ ಮಾಯವೇ? ನೂರು ಟನ್ ಹಾಕಿದರೆ ಇಪ್ಪತ್ತು, ಇಪ್ಪತ್ತೈದು ಟನ್ ಬೂದಿ. ಅದಕ್ಕೆ ಮತ್ತೊಂದು ಗುಂಡಿ. ಫಿಲ್ಟರಿನಲ್ಲಿ ಸಿಕ್ಕ ಹಾರುಬೂದಿಯಂತೂ ವಿಷ, ಅದಕ್ಕೆ ಬೇರೆಯೇ ಗುಂಡಿ.

ಡೆನ್ಮಾರ್ಕಿನ ಕೋಪನ್‌ಹೇಗನ್ ನೋಡಿ ಕಲಿಯಿರಿ ಅಂತ ಒಬ್ಬರು ಗದರಿದರು. ನೋಡಿದೆವು. ಅಲ್ಲಿ 2019ರಲ್ಲಿ ಘಟಕದ ತಾರಸಿ ಮೇಲೆ ಸ್ಕೀ ಜಾರುವ ಇಳಿಜಾರು ತೆರೆದರು. ಮೇಲೆ ಜನ ಜಾರುತ್ತಾರೆ, ಕೆಳಗೆ ಕಸ ಉರಿಯುತ್ತದೆ. ಮಜಾ ಏನೆಂದರೆ, ಊರಿನ ಕಸ ಆ ಒಲೆಯ ಹೊಟ್ಟೆಗೆ ಸಾಲದೆ ಹೊರದೇಶದಿಂದ ತರಿಸಿಕೊಳ್ಳಬೇಕಾಯಿತು. ಇದನ್ನು ಮಾತ್ರ ಗದರಿದವರು ಹೇಳಲಿಲ್ಲ. ಇಂಥ ಘಟಕಗಳ ಕರಾರು ಎಷ್ಟೋ ಕಡೆ ಹಾಗೇ ಇರುತ್ತದೆ: ದಿನಕ್ಕೆ ಇಷ್ಟು ಕಸ ಕೊಡಲೇಬೇಕು, ಕಡಿಮೆ ಬಿದ್ದರೆ ದಂಡ ಕಟ್ಟಬೇಕು. ಅಂದರೆ ಹಸಿ ಕಸ, ಒಣ ಕಸ ಬೇರೆ ಮಾಡಿ ಗೊಬ್ಬರ ಮಾಡುವ ಅಜ್ಜಿ ಇನ್ನು ಊರಿಗೆ ನಷ್ಟ ತರುವ ಹೆಂಗಸು!

ಇನ್ನು ಡಯಾಕ್ಸಿನ್, ಅಂದರೆ ಕಸ ಸುಡುವಾಗ ಹುಟ್ಟುವ ವಿಷಗಳ ಒಂದು ಕುಟುಂಬ. ಈ ಕುಟುಂಬದ ಹಿರಿಯಣ್ಣನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಕ್ಯಾನ್ಸರ್ ತರುವವರ ಮೊದಲ ಪಟ್ಟಿಗೆ ಸೇರಿಸಿದೆ. ಮೈಯ ಕೊಬ್ಬಿಗೆ ಸೇರಿದ್ದರಲ್ಲಿ ಅರ್ಧ ಇಳಿಯಲಿಕ್ಕೇ 7ರಿಂದ 11 ವರ್ಷ. ಒಂದನೇ ಕ್ಲಾಸಿಗೆ ಸೇರಿದ ಮಗು ಹೈಸ್ಕೂಲು ಮುಟ್ಟುತ್ತದೆ. ಒಳ್ಳೆ ಫಿಲ್ಟರ್ ಹಾಕಿ ನೆಟ್ಟಗೆ ನಡೆಸಿದರೆ ಇದು ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ ನೆಟ್ಟಗೆ ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ? ಧೂಳಿಗೆ ದಿನವಿಡೀ ಅಳೆಯುವ ಮೀಟರ್ ಇದೆ. ಡಯಾಕ್ಸಿನ್ ಸಾಹೇಬರನ್ನು ಮಾತ್ರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೇ ನೋಡಬೇಕು. ಹೆಚ್ಚಿನ ಕಡೆ ವರ್ಷಕ್ಕೆ ಒಂದೋ ಎರಡೋ ಸಲ, ಕೆಲವು ಗಂಟೆ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಕಳಿಸುತ್ತಾರೆ. ಅದೂ ಒಲೆ ಹದವಾಗಿ ಉರಿಯುವಾಗ. ಹೊತ್ತಿಸುವಾಗ, ಆರಿಸುವಾಗ, ಕೆಟ್ಟು ನಿಂತಾಗಲೇ ಅದು ಜಾಸ್ತಿ ಹುಟ್ಟುವುದು. ಆಗ ಅಳೆಯುವವರು ಇರುವುದಿಲ್ಲ.

ಇಷ್ಟು ಕೇಳಿದ್ದಕ್ಕೆ ಅಭಿವೃದ್ಧಿಯ ವಿರೋಧಿಗಳು ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ. ಜಾಗ ಹುಡುಕುವ ಮೊದಲು ಕಸ ಬೇರೆ ಮಾಡುವ ವ್ಯವಸ್ಥೆ ಮಾಡಿ ಅಂತ ಗಂಟಲು ಹರಿದುಕೊಂಡು ಸಾಕಾಗಿದೆ. ಕೇಳಿಸಿಕೊಂಡವರಿಲ್ಲ. ಕೊನೆಗೊಂದು ಸಣ್ಣ ಬೇಡಿಕೆ: ಡಯಾಕ್ಸಿನ್ ಅಳೆಯುವ ತಾರೀಖು ನಮಗೂ ಮೊದಲೇ ತಿಳಿಸಿ. ಅವತ್ತು ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸುತ್ತೇವೆ.