ಸತ್ಯಾಂಶ: ಲೇಪ ಹಚ್ಚಿದರೆ ಕಿಟಕಿ ಗಾಜು ಟಿವಿ ಆಗುತ್ತದೆಯೇ?

ಗಾಜಿಗೊಂದು ಲೇಪ ಹಚ್ಚಿದರೆ ಹಗಲಲ್ಲೂ ಕಿಟಕಿಯೇ ಟಿವಿ ಎನ್ನುವ ಮೆಸೇಜ್ ಕೊಡಗಿನ ಹೋಂಸ್ಟೇ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅರ್ಧ ನಿಜ.

ಲೇಪ ತಾನಾಗಿ ಚಿತ್ರ ಮೂಡಿಸುವುದಿಲ್ಲ, ಪ್ರೊಜೆಕ್ಟರ್ ಬೇಕೇ ಬೇಕು. ಬರೀ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 8ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಉಳಿದದ್ದು ಹೆಚ್ಚುಕಡಿಮೆ ಆಚೆ ಕಾಫಿ ತೋಟದ ಪಾಲು. ಲೇಪದ ಸಣ್ಣ ಕಣಗಳು ಆ ಬೆಳಕನ್ನು ಚದುರಿಸುವುದರಿಂದ ಚಿತ್ರ ಕಾಣುತ್ತದೆ. ಜಾಸ್ತಿ ಚದುರಿಸಿದರೆ ಗಾಜೇ ಮಬ್ಬು, ಬೆಟ್ಟದ ನೋಟವೂ ಹೋಯಿತು! ಕಪ್ಪು ಬಣ್ಣವನ್ನಂತೂ ಯಾವ ಪ್ರೊಜೆಕ್ಟರೂ ಬಿಡಲಾರದು, ಹಾಗಾಗಿ ಬಿಸಿಲಲ್ಲಿ ಚಿತ್ರ ಪೇಲವ.

ಪರೀಕ್ಷಿಸಲು ಗಾಜಿಗೆ ಬಟರ್ ಪೇಪರ್ ಅಂಟಿಸಿ ಪ್ರೊಜೆಕ್ಟರ್ ಬಿಡಿ. ರಾತ್ರಿ ಒಮ್ಮೆ, ಮಧ್ಯಾಹ್ನ ಒಮ್ಮೆ. ಮೆಸೇಜ್ ಜೊತೆ ಬಂದ ವಿಡಿಯೊದ ಸ್ಕ್ರೀನ್‌ಶಾಟ್ ಅನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದರ ಮೂಲವೂ ಸಿಗಬಹುದು. ಮಾರುವವರು ಬಂದರೆ, ನಮ್ಮ ಕಿಟಕಿಯಲ್ಲೇ, ಹಗಲಲ್ಲೇ ತೋರಿಸಿ ಅನ್ನಿ.