ತಟ್ಟೆ ಖಾಲಿ ಮಾಡಿಸಲೇಬೇಕೇ?

‘ಊಟ ಬಿಡುವ ಮಗುವಿನ ಬೆಳವಣಿಗೆ ನಿಲ್ಲುತ್ತದೆ, ಗದರಿಸಿಯಾದರೂ ಕೊನೆಯ ತುತ್ತಿನವರೆಗೆ ತಿನ್ನಿಸಿ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಕಳಿಸುವವರ ಕಾಳಜಿ ನಿಜವೇ ಇರಬಹುದು, ಸಲಹೆ ಮಾತ್ರ ತಪ್ಪು.

ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಸುಮಾರು 3 ಪಟ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಸಾಮಾನ್ಯವಾಗಿ ಏರುವುದು 2ರಿಂದ 3 ಕಿಲೋ ಅಷ್ಟೇ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ನಿನ್ನೆ ಮತ್ತೆ ಮತ್ತೆ ಬಡಿಸಿಕೊಂಡ ಮಗು ಇಂದು ನಾಲ್ಕು ತುತ್ತಿಗೇ ಮುಖ ತಿರುಗಿಸಿದರೆ ಅದು ಹಟವಲ್ಲ, ಹೊಟ್ಟೆಯ ಲೆಕ್ಕ. ಆ ಲೆಕ್ಕ ದೊಡ್ಡವರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು!

ಒತ್ತಾಯದ ಫಲವೇನು? ಅಮೆರಿಕದಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಸೂಪ್ ಕೊಟ್ಟು ‘ಮುಗಿಸು’ ಎಂದು ಪದೇ ಪದೇ ಹೇಳಿ ನೋಡಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒತ್ತಡವಿಲ್ಲದಿದ್ದಾಗಲೇ ಮಕ್ಕಳು ಹೆಚ್ಚು ಕುಡಿದಿದ್ದರು. ‘ತರಕಾರಿ ತಿಂದರೆ ಸಿಹಿ ಕೊಡುತ್ತೇನೆ’ ಎನ್ನುವುದೂ ಎಡವಟ್ಟೇ: ತರಕಾರಿ ಶಿಕ್ಷೆಯಾಗಿ, ಸಿಹಿ ಬಹುಮಾನವಾಗಿ ಮನಸ್ಸಿನಲ್ಲಿ ಕೂರುತ್ತದೆ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳುವ ಹಂಚಿಕೆ ಸರಳ. ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಪಾಲು. ತಿನ್ನಬೇಕೇ, ಎಷ್ಟು ಎಂಬುದು ಮಗುವಿನದು. ಹೊಸ ರುಚಿ ಒಗ್ಗಲು 8ರಿಂದ 15 ಬಾರಿ ಬಡಿಸಬೇಕಾಗಬಹುದು. ಒಂದೇ ಒಂದು ಚೂರು ಸಾಕು, ಟೀಕೆ ಬೇಡ. ಎಲ್ಲರೂ ಒಟ್ಟಿಗೆ ಕುಳಿತು ಅದನ್ನೇ ಸವಿಯುತ್ತಿದ್ದರೆ ಮಗು ನೋಡುತ್ತಲೇ ಇರುತ್ತದೆ.

ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಅಥವಾ ಮಗು ಸದಾ ಸುಸ್ತಾಗಿದ್ದರೆ ವೈದ್ಯರಿಗೆ ತೋರಿಸಿ.